ತರಗು ಬೆಂಕಿ

ಕಾಡಿಗೆ ಬೆಂಕಿಯೇ ಪರಮಶತ್ರುವೆಂದು ಮೂರು ದಶಕ ಪಾಠ ಹೇಳಿದವನು ನಾನು. ಬಿಳಿಗಿರಿರಂಗನ ಬೆಟ್ಟದಿಂದ ಬಂದಿದ್ದ ಸೋಲಿಗರ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, "ಸಾರ್, ನಮ್ಮ ತಾತ ತರಗಿಗೆ ಬೆಂಕಿ ಹಾಕ್ತಿದ್ರು. ಕಾಡೇನೂ ಸಾಯ್ಲಿಲ್ಲ" ಎಂದ. ಗದರಿ ಕೂರಿಸಿದೆ.

ಅವನ ಮಾತಿನ ಹಿಂದಿದ್ದ ಚರಿತ್ರೆ ನನಗೆ ತಿಳಿದದ್ದು ನಿವೃತ್ತಿಯ ನಂತರ. ಬಿಸಿಲು ಬಲಿಯುವ ಮೊದಲೇ, ಜನವರಿ-ಫೆಬ್ರುವರಿಯ ಹೊತ್ತಿಗೆ, ಸೋಲಿಗರು ಉದುರಿದ ಎಲೆಗೂ ಒಣಹುಲ್ಲಿಗೂ ಕಿರುಬೆಂಕಿ ಹಚ್ಚುತ್ತಿದ್ದರು. ಅದೇ ತರಗು ಬೆಂಕಿ. ನೆಲದ ಮೇಲೆಯೇ ಹರಿದು ಆರುತ್ತಿದ್ದ ಅದರಿಂದ ಹೊಸ ಹುಲ್ಲು ಚಿಗುರುತ್ತಿತ್ತು, ಪೊದೆಗಳು ಮಿತಿಯಲ್ಲಿರುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಆ ಪದ್ಧತಿಗೆ ತಡೆ ಬಿದ್ದಿತು. 19ನೆಯ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಭಾರತಕ್ಕೆ ತಂದ ಲಂಟಾನ ಕಾಡನ್ನೆಲ್ಲ ಆವರಿಸಿತು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂಬುದು ಸೋಲಿಗ ಹಿರಿಯರ ಅಭಿಪ್ರಾಯ.

ಒಣಗಿದ ಲಂಟಾನದ ಪೊದೆ ಹತ್ತಿ ನೆಲದ ಬೆಂಕಿ ಮರದ ತಲೆಗೇರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುದನ್ನು ನಾವೆಲ್ಲ ಕಂಡಿದ್ದೇವೆ. ಹವಾಮಾನ ಬದಲಾಗಿ ಬೇಸಿಗೆಯ ತಾಪ ಏರುತ್ತಿರುವಾಗ ಅಪಾಯ ಇನ್ನೂ ಹೆಚ್ಚು.

ಹಾಗೆಂದು ಇಂದೇ ಹೋಗಿ ಕಡ್ಡಿ ಗೀರುವಂತಿಲ್ಲ. ಲಂಟಾನ ತುಂಬಿದ ಕಾಡಿನಲ್ಲಿ ಕಿರುಬೆಂಕಿಯೂ ಕಾಳ್ಗಿಚ್ಚಾದೀತು. ಮೊದಲು ಪೊದೆ ತೆಗೆಯಬೇಕು. ಯಾವ ಜಾಗಕ್ಕೆ, ಯಾವ ವಾರ, ಎಷ್ಟು ಬೆಂಕಿ ಎಂಬುದನ್ನು ಬಲ್ಲ ಹಿರಿಯರನ್ನು ಅರಣ್ಯ ಇಲಾಖೆ ಜೊತೆಗೆ ಕೂರಿಸಿಕೊಳ್ಳಬೇಕು. ಅವರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ.

ಅಂದು ಆ ಹುಡುಗನನ್ನು ಗದರಿಸುವ ಬದಲು, "ನಿನ್ನ ತಾತ ಹೇಗೆ ಹಾಕುತ್ತಿದ್ದರಪ್ಪಾ?" ಎಂದು ಕೇಳಬೇಕಿತ್ತು.