ಮೇಣದಿಂದ ನೊರೆಗೆ: ಕಳೆದುಹೋಗುವ ಮಾದರಿಯ ಎರಕ ಮತ್ತು ಮನೆಯ ಕುಲುಮೆ

ಲೋಹಶಿಲ್ಪದ ಚರಿತ್ರೆಯನ್ನು ಬರೆಯುವಾಗ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಉಳಿದುಬಂದಿರುವ ವಿಗ್ರಹಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ವಿಗ್ರಹದ ಕಾಲ, ಶೈಲಿ, ಲಕ್ಷಣ, ಪೀಠದ ಮೇಲಿನ ಬರಹ ಇವೆಲ್ಲ ಚರ್ಚೆಗೆ ಬರುತ್ತವೆ. ಆದರೆ ಒಂದು ಲೋಹವಿಗ್ರಹ ರೂಪುಗೊಳ್ಳಬೇಕಾದರೆ ಅದೇ ಆಕಾರದ ಇನ್ನೊಂದು ವಿಗ್ರಹ ಬೆಂಕಿಯಲ್ಲಿ ಇಲ್ಲವಾಗಬೇಕಾಗಿತ್ತು ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮಾದರಿಯನ್ನು ಬಲಿಗೊಟ್ಟು ಪ್ರತಿಕೃತಿಯನ್ನು ಪಡೆಯುವ ಈ ಎರಕದ ವಿಧಾನಕ್ಕೆ ಸಾವಿರಾರು ವರ್ಷಗಳ ಇತಿಹಾಸವಿದೆ. ಮೊದಲು ಮೇಣ ಕರಗುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಲಾಸ್ಟಿಕ್ ನೊರೆ ಆವಿಯಾಗತೊಡಗಿತು. ಈ ಎರಡು ಘಟ್ಟಗಳ ನಡುವಣ ಸಂಬಂಧವನ್ನೂ, ಮನೆಯಂಗಳದ ಪುಟ್ಟ ಕುಲುಮೆ ಈ ಚರಿತ್ರೆಯಲ್ಲಿ ಪಡೆದಿರುವ ಸ್ಥಾನವನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೇಣದ ಪರಂಪರೆ

ಮೇಣದ ಎರಕದ ಅತಿ ಪ್ರಾಚೀನ ಕುರುಹುಗಳಲ್ಲಿ ಒಂದು ಬಲೂಚಿಸ್ತಾನದ ಮೆಹರ್‌ಗಢದಲ್ಲಿ ದೊರೆತಿದೆ. ಚಕ್ರಾಕಾರದ ಆ ತಾಮ್ರದ ತಾಯಿತ ಸುಮಾರು 6000 ವರ್ಷಗಳಷ್ಟು ಹಳೆಯದು. ಅದು ಮೇಣದ ಮಾದರಿಯಿಂದ ಎರಕಗೊಂಡದ್ದೆಂಬುದನ್ನು 2016ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನ ವಿವರವಾಗಿ ತೋರಿಸಿಕೊಟ್ಟಿತು. ಮೊಹೆಂಜೊದಾರೊವಿನ ನರ್ತಕಿ ಎಂದು ಪ್ರಸಿದ್ಧವಾದ ಸುಮಾರು 10.5 ಸೆಂಟಿಮೀಟರ್ ಎತ್ತರದ ಕಂಚಿನ ಶಿಲ್ಪವೂ ಇದೇ ವಿಧಾನದ್ದು. ಬಸ್ತರದ ಢೋಕ್ರಾ ಕಸುಬುದಾರರಲ್ಲಿಯೂ ತಮಿಳುನಾಡಿನ ಸ್ವಾಮಿಮಲೈಯ ಸ್ಥಪತಿಗಳಲ್ಲಿಯೂ ಈ ಪದ್ಧತಿ ಇಂದಿಗೂ ಜೀವಂತವಾಗಿದೆ.

ಇಷ್ಟು ದೀರ್ಘವಾದ ಪರಂಪರೆಯಿದ್ದರೂ ಎರಕದ ಕ್ರಮವನ್ನು ಹಂತಹಂತವಾಗಿ ಹೇಳುವ ಪ್ರಾಚೀನ ಬರಹಗಳು ವಿರಳ. ಈ ದೃಷ್ಟಿಯಿಂದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಕರ್ನಾಟಕದ ಅಮೂಲ್ಯ ಕೊಡುಗೆ. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ರಾಜನೀತಿ, ಅಡುಗೆ, ಆನೆ, ಸಂಗೀತಗಳ ಜೊತೆಗೆ ಲೋಹಪ್ರತಿಮೆಯ ಎರಕಕ್ಕೂ ಸ್ಥಳ ದೊರೆತಿದೆ. ಎಸ್.ಕೆ. ಸರಸ್ವತಿಯವರು 1936ರಲ್ಲಿ ಈ ಭಾಗದ ಕಡೆಗೆ ಕಲಾಚರಿತ್ರಕಾರರ ಗಮನವನ್ನು ಸೆಳೆದರು.

ಗ್ರಂಥದಲ್ಲಿ ನಿರೂಪಿತವಾದ ಕ್ರಮ ಹೀಗಿದೆ. ಮೊದಲು ಮೇಣದಲ್ಲಿ ಪ್ರತಿಮೆಯನ್ನು ಲಕ್ಷಣಬದ್ಧವಾಗಿ ಮಾಡಬೇಕು. ಬೆನ್ನು, ಭುಜ ಮೊದಲಾದ ಕಡೆ ದತ್ತೂರಿಯ ಹೂವನ್ನು ಹೋಲುವ ಮೇಣದ ನಾಳಗಳನ್ನು ಕೂಡಿಸಬೇಕು. ಬಳಿಕ ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ ಹಾಗೂ ಸ್ವಲ್ಪ ಉಪ್ಪು ಸೇರಿಸಿ ಅರೆದ ಮಣ್ಣನ್ನು ಮೂರು ಬಾರಿ ಲೇಪಿಸಬೇಕು. ಮೊದಲ ಲೇಪ ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು, ಕೊನೆಯದು ದಪ್ಪವಾಗಿರಬೇಕು. ಅಚ್ಚನ್ನು ಕಾಯಿಸಿ ಮೇಣವನ್ನು ಹೊರಹಾಕಿದ ಮೇಲೆ, ಮೂಸೆಯಲ್ಲಿ ಕರಗಿದ ಲೋಹವನ್ನು ನಾಳದ ಬಾಯಿಗೆ ಧಾರೆ ಕಡಿಯದಂತೆ ಎರೆಯಬೇಕು. ತಣಿದ ಬಳಿಕ ಮಣ್ಣನ್ನು ಎಚ್ಚರಿಕೆಯಿಂದ ಒಡೆದು ಪ್ರತಿಮೆಯನ್ನು ಹೊರತೆಗೆಯಬೇಕು.

ಇಲ್ಲಿಯ ಪ್ರತಿಯೊಂದು ಸೂಚನೆಗೂ ಕಾರ್ಯಕಾರಣ ಸಂಬಂಧವಿದೆ. ಮಣ್ಣಿಗೆ ಸೇರಿಸಿದ ಹೊಟ್ಟು ಮತ್ತು ಹತ್ತಿಯ ಎಳೆ ಕಾವಿನಲ್ಲಿ ಉರಿದು ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತವೆ; ಲೋಹ ಒಳನುಗ್ಗುವಾಗ ಗಾಳಿ ಈ ರಂಧ್ರಗಳ ಮೂಲಕ ಹೊರಹೋಗುತ್ತದೆ. ಮೊದಲ ಲೇಪ ತೆಳುವಾಗಿದ್ದರೆ ಮೇಣದ ಮೇಲಿನ ಸೂಕ್ಷ್ಮ ಗೆರೆಗಳು ಮಣ್ಣಿನಲ್ಲಿ ಮೂಡುತ್ತವೆ. ಅರಮನೆಯ ಗ್ರಂಥವೊಂದು ಎರಕದ ಮನೆಯ ಅನುಭವವನ್ನು ಇಷ್ಟು ನಿಖರವಾಗಿ ಹಿಡಿದಿಟ್ಟಿರುವುದು ಗಮನಾರ್ಹ.

ನೊರೆಯ ಆಗಮನ

ಈ ಮೇಣದ ಸ್ಥಾನಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬಂದುದು ಪಾಲಿಸ್ಟೈರೀನ್ ನೊರೆ. ನಮ್ಮಲ್ಲಿ ಅದು ಥರ್ಮಾಕೋಲ್ ಎಂಬ ವ್ಯಾಪಾರನಾಮದಿಂದಲೇ ಮನೆಮಾತಾಗಿದೆ. ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯಲ್ಲಿ ಫ್ರಿಟ್ಸ್ ಸ್ಟಾಸ್ಟ್ನಿ ಎಂಬ ರಸಾಯನತಜ್ಞ 1949ರ ಸುಮಾರಿಗೆ ಅಭಿವೃದ್ಧಿಪಡಿಸಿದ ಈ ವಸ್ತುವಿನ ಗಾತ್ರದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ. ಅಮೆರಿಕದ ಹೆರಾಲ್ಡ್ ಎಫ್. ಶ್ರೋಯರ್ ಇದರಲ್ಲಿ ಎರಕದ ಮಾದರಿಯೊಂದನ್ನು ಕಂಡನು. ಅವನು 1956ರಲ್ಲಿ ಅರ್ಜಿ ಸಲ್ಲಿಸಿ 1958ರ ಏಪ್ರಿಲಿನಲ್ಲಿ ಪಡೆದ ಪೇಟೆಂಟಿನ ಶೀರ್ಷಿಕೆಯೇ ಆ ಹೊಸತನವನ್ನು ಸೂಚಿಸುತ್ತದೆ. 'ಕುಹರವಿಲ್ಲದ ಎರಕದಚ್ಚು ಮತ್ತು ಅದನ್ನು ತಯಾರಿಸುವ ವಿಧಾನ' ಎಂಬುದು ಅದರ ತಾತ್ಪರ್ಯ.

ಕುಹರವಿಲ್ಲದ ಅಚ್ಚು ಎಂಬ ಮಾತನ್ನು ಸ್ವಲ್ಪ ವಿವರಿಸಬೇಕಾಗಿದೆ. ಮೇಣದ ವಿಧಾನದಲ್ಲಿ ಮಾದರಿ ಮೊದಲು ಹೋಗುತ್ತದೆ, ಲೋಹ ಆಮೇಲೆ ಬರುತ್ತದೆ. ನಡುವೆ ಅಚ್ಚು ಬರಿದಾಗಿ ನಿಲ್ಲುತ್ತದೆ. ನೊರೆಯ ವಿಧಾನದಲ್ಲಿ ಈ ಬರಿದಾದ ಕ್ಷಣವೇ ಇಲ್ಲ. ಮರಳಿನಲ್ಲಿ ಹೂತ ನೊರೆಮಾದರಿಯ ಮೇಲೆ ನೇರವಾಗಿ ಲೋಹವನ್ನು ಎರೆಯಲಾಗುತ್ತದೆ. ಕರಗಿದ ಲೋಹದ ಕಾವಿಗೆ ನೊರೆ ಕುಗ್ಗಿ, ದ್ರವವಾಗಿ, ಆವಿಯಾಗಿ ಹಿಂದೆ ಸರಿದಂತೆ ಲೋಹ ಅದರ ಜಾಗವನ್ನು ಅಂಗುಲ ಅಂಗುಲವಾಗಿ ಆಕ್ರಮಿಸುತ್ತದೆ. ಒಂದು ಹೋಗುವುದೂ ಇನ್ನೊಂದು ಬರುವುದೂ ಏಕಕಾಲದಲ್ಲಿ ನಡೆಯುವುದರಿಂದ ಇದು ಹಳೆಯ ಪರಂಪರೆಯ ಮುಂದುವರಿಕೆಯಾಗಿರುವಂತೆಯೇ ಅದರಿಂದ ಮಾಡಿಕೊಂಡ ಬಿಡುಗಡೆಯೂ ಹೌದು.

ಈ ವಿಧಾನದ ಆರಂಭಕಾಲದಲ್ಲಿ ಕಲಾವಿದರ ಪಾತ್ರ ದೊಡ್ಡದು. ಬಾಸ್ಟನ್ನಿನ ಶಿಲ್ಪಿ ಆಲ್ಫ್ರೆಡ್ ಡ್ಯೂಕಾ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಎರಕಶಾಲೆಯ ನೆರವಿನಿಂದ ನೊರೆಮಾದರಿಯ ಲೋಹಶಿಲ್ಪಗಳನ್ನು ಎರಕಹೊಯ್ದನು. 1964ರ ವೇಳೆಗೆ ಅಂಟು ಬೆರೆಸದ ಒಣಮರಳಿನಲ್ಲಿಯೇ ಮಾದರಿಯನ್ನು ಹೂಳುವ ಕ್ರಮ ರೂಪುಗೊಂಡಿತು. ದೊಡ್ಡ ಉದ್ಯಮ ಇದನ್ನು ಪೂರ್ಣವಾಗಿ ಅಪ್ಪಿಕೊಂಡುದು ಎರಡು ದಶಕಗಳ ಅನಂತರ. ಜನರಲ್ ಮೋಟಾರ್ಸ್ ಸಂಸ್ಥೆ 1990ರಲ್ಲಿ ಮಾರುಕಟ್ಟೆಗೆ ತಂದು 2010ರಲ್ಲಿ ಕೊನೆಗೊಳಿಸಿದ ಸ್ಯಾಟರ್ನ್ ಕಾರುಗಳ ಎಂಜಿನ್ನಿನ ಮುಖ್ಯ ಭಾಗಗಳು ನೊರೆಮಾದರಿಯ ಎರಕದಿಂದಲೇ ತಯಾರಾದವು.

ಮನೆಯ ಕುಲುಮೆ

ಎರಕವೆಂದರೆ ದೊಡ್ಡ ಕಾರ್ಖಾನೆಯ ಕೆಲಸ ಎಂಬ ಭಾವನೆ ತೀರ ಇತ್ತೀಚಿನದು. ಶತಮಾನಗಳ ಕಾಲ ಕಂಚುಗಾರನ ಮನೆಯೇ ಅವನ ಕಾರ್ಯಶಾಲೆಯಾಗಿತ್ತು. ಹಿತ್ತಾಳೆ-ಕಂಚಿನ ಕೆಲಸಕ್ಕೆ ಹೆಸರಾದ ನಮ್ಮ ನಾಗಮಂಗಲದಂಥ ಊರುಗಳ ಪರಂಪರೆಯೂ ಇದೇ ಬಗೆಯದು. ಯುರೋಪಿನಲ್ಲಿಯೂ ಇದಕ್ಕೆ ನಿದರ್ಶನವುಂಟು. ಹದಿನಾರನೆಯ ಶತಮಾನದ ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲಿನಿ ತನ್ನ ಪ್ರಸಿದ್ಧ ಪರ್ಸಿಯಸ್ ಪ್ರತಿಮೆಯನ್ನು ಫ್ಲಾರೆನ್ಸಿನ ತನ್ನ ಮನೆಯ ಕಾರ್ಯಶಾಲೆಯಲ್ಲಿಯೇ ಮೇಣದ ವಿಧಾನದಿಂದ ಎರೆದನು. ಲೋಹ ಗಟ್ಟಿಯಾಗತೊಡಗಿದಾಗ ಮನೆಯಲ್ಲಿದ್ದ ಸುಮಾರು ಇನ್ನೂರು ತವರದ ತಟ್ಟೆ-ಪಾತ್ರೆಗಳನ್ನು ಕುಲುಮೆಗೆ ಹಾಕಿದುದಾಗಿ ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಕೈಗಾರಿಕೆ ಬೆಳೆದ ಮೇಲೆ ಮನೆಯಿಂದ ದೂರವಾದ ಕುಲುಮೆ ಹವ್ಯಾಸಿಗಳ ಮೂಲಕ ಹಿಂದಿರುಗಿತು. ಅಮೆರಿಕದ ಡೇವಿಡ್ ಜೆ. ಗಿಂಜರಿ 1980ರ ದಶಕದಲ್ಲಿ ಹೊರತಂದ ಪುಸ್ತಕಮಾಲೆ ಈ ಹವ್ಯಾಸಕ್ಕೆ ವಿಶೇಷ ಪ್ರೇರಣೆ ನೀಡಿತು. ಒಂದು ಬಕೆಟ್ಟು, ಒಳಗೆ ಬೆಂಕಿಮಣ್ಣಿನ ಮೆತ್ತನೆ, ಇದ್ದಿಲು, ಗಾಳಿಯೂದುವ ಸಣ್ಣ ಯಂತ್ರ, ಗುಜರಿ ಅಲ್ಯೂಮಿನಿಯಂ ಇಷ್ಟರಿಂದಲೇ ಎರಕ ಸಾಧ್ಯವೆಂದು ಅವನು ತೋರಿಸಿದನು. ಅವನು ಅನುಸರಿಸಿದುದು ಮರದ ಮಾದರಿಯನ್ನು ಹಸಿಮರಳಿನಿಂದ ಹೊರಗೆಳೆಯುವ ಕ್ರಮ. ಅದಕ್ಕೆ ಎರಡು ಭಾಗದ ಪೆಟ್ಟಿಗೆ ಬೇಕು, ಮಾದರಿಯ ಬದಿಗಳು ಓರೆಯಾಗಿರಬೇಕು, ಮರಗೆಲಸದ ಹದ ತಿಳಿದಿರಬೇಕು. ಮರಳಿನಲ್ಲಿಯೇ ಉಳಿಯುವ ನೊರೆಮಾದರಿಗೆ ಈ ಯಾವ ನಿರ್ಬಂಧವೂ ಇಲ್ಲ. ಆದ್ದರಿಂದಲೇ ಇದು ಮನೆಯ ಪ್ರಯೋಗಶೀಲರನ್ನು ಬಲವಾಗಿ ಆಕರ್ಷಿಸಿತು.

ಮನೆಯಲ್ಲಿ ನಡೆಯುವ ಪ್ರಯೋಗದ ಕ್ರಮ ಸರಳವಾಗಿದೆ. ಕಾದ ತಂತಿಯಿಂದ ನೊರೆಯ ಹಲಗೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಲೋಹ ಎರೆಯಲು ನೊರೆಯದೇ ನಾಳವೊಂದನ್ನು ಅಂಟಿಸುತ್ತಾರೆ. ಗೋಡೆಯ ಹಲಗೆಗಳ ಸಂದಿಗೆ ಮೆತ್ತುವ ಸಿದ್ಧಲೇಪವನ್ನು ನೀರಿನಲ್ಲಿ ತೆಳುವಾಗಿಸಿ ಮಾದರಿಗೆ ಬಳಿದು ಪೂರ್ತಿಯಾಗಿ ಒಣಗಿಸುತ್ತಾರೆ. ಅದನ್ನು ಬಕೆಟ್ಟಿನಲ್ಲಿಟ್ಟು ಸುತ್ತಲೂ ಒಣಮರಳನ್ನು ಸುರಿದು, ತಟ್ಟಿ ತಟ್ಟಿ ಸಂದುಗಳನ್ನು ತುಂಬುತ್ತಾರೆ. 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅಲ್ಯೂಮಿನಿಯಮ್ಮನ್ನು ಅದಕ್ಕಿಂತ ಸಾಕಷ್ಟು ಹೆಚ್ಚು ಕಾಯಿಸಿ ಒಂದೇ ಉಸಿರಿನಲ್ಲಿ ಎರೆಯುತ್ತಾರೆ.

ಎರಡು ಕಾಲಗಳ ಈ ಕ್ರಮಗಳನ್ನು ಹೋಲಿಸಿದಾಗ ಹಲವು ಅಂಶಗಳು ಸ್ಪಷ್ಟವಾಗುತ್ತವೆ. ಧಾರೆ ಕಡಿಯಬಾರದೆಂಬ ಸೋಮೇಶ್ವರನ ಸೂಚನೆಗೆ ಇಲ್ಲಿ ಇನ್ನಷ್ಟು ತೂಕ ಬಂದಿದೆ. ಮಣ್ಣಿನ ಅಚ್ಚಿನಲ್ಲಿ ಕೈ ತಡೆದರೆ ಪ್ರತಿಮೆಯಲ್ಲಿ ದೋಷ ಉಳಿದೀತು. ನೊರೆಯ ವಿಧಾನದಲ್ಲಿ ಕೈ ತಡೆದರೆ ಲೋಹ ತಲುಪದ ಕಡೆ ನೊರೆ ಮೊದಲೇ ಕುಗ್ಗಿ, ಆಧಾರವಿಲ್ಲದ ಮರಳು ಕುಸಿದು, ಆಕಾರವೇ ಹಾಳಾಗುತ್ತದೆ. ಲೇಪದ ವಿಷಯವೂ ಹಾಗೆಯೇ. ಹೊಟ್ಟು-ಹತ್ತಿಯ ಮಣ್ಣು ಉಸಿರಾಡಬೇಕಾಗಿತ್ತು. ನೊರೆಯ ಮೇಲಣ ಲೇಪವೂ ಉಸಿರಾಡಬೇಕು. ಅದು ತೀರ ಬಿಗಿಯಾದರೆ ಅನಿಲ ಒಳಗೇ ಸಿಕ್ಕಿ ಲೋಹವನ್ನು ತಡೆಯುತ್ತದೆ. ತೀರ ಸಡಿಲವಾದರೆ ಲೋಹ ಮರಳಿಗೆ ನುಗ್ಗುತ್ತದೆ. ಎರಡು ದಿಕ್ಕಿನಿಂದ ಬಂದ ಲೋಹದ ಪ್ರವಾಹಗಳು ಸಂಧಿಸುವಲ್ಲಿ ನೊರೆಯ ಶೇಷ ಉಳಿದರೆ ಅವು ಬೆಸೆಯದೆ ಮಡಿಕೆಯಂಥ ಬಿರುಕಾಗುತ್ತದೆ.

ತೂಕದ ಲೆಕ್ಕ

'ಮಾನಸೋಲ್ಲಾಸ'ದಲ್ಲಿ ಎರಕಗಾರನಿಗೆ ಉಪಯುಕ್ತವಾದ ಇನ್ನೊಂದು ಸೂತ್ರವಿದೆ. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಅದರ ಆಧಾರದ ಮೇಲೆ ಬೇಕಾಗುವ ಲೋಹವನ್ನು ನಿರ್ಧರಿಸಬೇಕು. ತಾಮ್ರ-ಹಿತ್ತಾಳೆಗಳ ಪ್ರಮಾಣ ಮೇಣದ ಎಂಟು-ಹತ್ತು ಪಟ್ಟಿನ ಆಸುಪಾಸಿನದು. ಬೆಳ್ಳಿ ಹನ್ನೆರಡು ಪಟ್ಟು, ಚಿನ್ನ ಹದಿನಾರು ಪಟ್ಟು. ಇಂದಿನ ಸಾಂದ್ರತೆಯ ಲೆಕ್ಕದಲ್ಲಿ ತಾಮ್ರ ಜೇನುಮೇಣದ ಸುಮಾರು 9.3 ಪಟ್ಟು, ಬೆಳ್ಳಿ ಸುಮಾರು 11 ಪಟ್ಟು, ಶುದ್ಧ ಚಿನ್ನ ಸುಮಾರು 20 ಪಟ್ಟು ಭಾರ. ಬೆಳ್ಳಿಯ ಸೂತ್ರದಲ್ಲಿ ಸ್ವಲ್ಪ ಹೆಚ್ಚುವರಿಯೇ ಇದೆ. ಚಿನ್ನದ ಸೂತ್ರ ಶುದ್ಧ ಲೋಹಕ್ಕೆ ಸಾಲದಿದ್ದರೂ ಬೆರಕೆಯ ಚಿನ್ನಕ್ಕೆ ಸಮೀಪವಾಗುತ್ತದೆ. ಮೂಸೆಯಲ್ಲಿ ಲೋಹ ನಡುವೆ ಮುಗಿದುಹೋದರೆ ಮಾದರಿಯೂ ಇಲ್ಲ, ಪ್ರತಿಮೆಯೂ ಇಲ್ಲ ಎಂಬ ಭಯವೇ ಈ ಸೂತ್ರದ ಹಿನ್ನೆಲೆಯಾಗಿರಬೇಕು.

ನೊರೆಗೆ ಇಂಥ ಒಂದೇ ಸೂತ್ರ ಅನ್ವಯಿಸುವುದಿಲ್ಲ. ಒಂದು ಲೀಟರ್ ಗಾತ್ರದ ನೊರೆ 20 ಗ್ರಾಂ ತೂಗಿದರೆ ಅದೇ ಗಾತ್ರದ ಅಲ್ಯೂಮಿನಿಯಂ 2700 ಗ್ರಾಂ, ಅಂದರೆ 135 ಪಟ್ಟು. ನೊರೆ 30 ಗ್ರಾಂ ತೂಗಿದರೆ ಅದು 90 ಪಟ್ಟಿಗೆ ಇಳಿಯುತ್ತದೆ. ಹಲಗೆಯಿಂದ ಹಲಗೆಗೆ ನೊರೆಯ ಸಾಂದ್ರತೆ ಬದಲಾಗುವುದರಿಂದ ತಕ್ಕಡಿಯನ್ನು ಬದಿಗಿಟ್ಟು, ಲೇಪ ಬಳಿಯುವ ಮುನ್ನ ಮಾದರಿಯನ್ನು ನೀರಿನಲ್ಲಿ ಮುಳುಗಿಸಿ ಗಾತ್ರವನ್ನು ಅಳೆಯಬೇಕಾಗುತ್ತದೆ. ಚಾಲುಕ್ಯ ಕಾಲದ ತತ್ತ್ವ ಉಳಿದಿದೆ, ಅಳತೆಯ ಸಾಧನ ಮಾತ್ರ ಬದಲಾಗಿದೆ.

ಬದಲಾದ ಇನ್ನೊಂದು ಅಂಶವನ್ನು ಇಲ್ಲಿ ಹೇಳಲೇಬೇಕು. ಕರಗಿ ಹರಿದ ಮೇಣವನ್ನು ಕಂಚುಗಾರ ಮತ್ತೆ ಬಳಸಬಹುದಾಗಿತ್ತು. ನೊರೆ ಹಾಗಲ್ಲ, ಅದು ಸ್ಟೈರೀನ್, ಬೆಂಜೀನ್ ಮುಂತಾದ ಹಾನಿಕರ ಆವಿಗಳಾಗಿಯೂ ಕಪ್ಪು ಮಸಿಯಾಗಿಯೂ ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲದು. ಒದ್ದೆಮರಳು ಅಥವಾ ತೇವದ ನೆಲಕ್ಕೆ ಕಾದ ಲೋಹ ತಾಗಿದರೆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ಪರಂಪರಾಗತ ಕಸುಬಿನಲ್ಲಿ ಈ ಎಚ್ಚರ ತಂದೆಯಿಂದ ಮಗನಿಗೆ ಮೈಗೂಡಿ ಬರುತ್ತಿತ್ತು. ಒಂಟಿಯಾಗಿ ಕಲಿಯುವ ಹವ್ಯಾಸಿಗೆ ಆ ರಕ್ಷಣೆಯಿಲ್ಲ.

ಉಪಸಂಹಾರ

ಕಳೆದುಹೋಗುವ ಮಾದರಿಯ ಎರಕದಲ್ಲಿ ಎರಡನೆಯ ಅವಕಾಶವಿಲ್ಲ. ಎರಕ ಕೆಟ್ಟರೆ ಮಾದರಿಗಾಗಿ ಪಟ್ಟ ಶ್ರಮವೂ ಅದರೊಡನೆ ಹೋಗುತ್ತದೆ. ಆದುದರಿಂದ ಈ ಕಸುಬಿನಲ್ಲಿ ನಿಜವಾಗಿ ಉಳಿಯುವ ಆಸ್ತಿಯೆಂದರೆ ಕ್ರಮದ ತಿಳಿವಳಿಕೆ: ಎಷ್ಟು ಮಣ್ಣು, ಎಷ್ಟು ಹತ್ತಿ, ಎಷ್ಟು ಕಾವು, ಎಷ್ಟು ಲೋಹ. ಸೋಮೇಶ್ವರನು ಅದನ್ನು ಬರೆದಿಟ್ಟ ಕಾರಣ ಒಂಬತ್ತು ಶತಮಾನಗಳ ಬಳಿಕವೂ ನಾವು ಅದನ್ನು ಕುರಿತು ಮಾತನಾಡಬಹುದಾಗಿದೆ. ಬರೆದಿಡದ ಎಷ್ಟೋ ಕುಲುಮೆಗಳ ಜ್ಞಾನ ಮೇಣದಂತೆಯೇ ಹರಿದುಹೋಗಿದೆ.

ಈ ಹಿನ್ನೆಲೆಯಲ್ಲಿ ಮನೆಯ ಕುಲುಮೆಯ ಪ್ರಯೋಗಗಳನ್ನು ಬರಿಯ ಹವ್ಯಾಸವೆಂದು ಕಡೆಗಣಿಸಲಾಗದು. ಹೊಟ್ಟು-ಹತ್ತಿ-ಉಪ್ಪಿನ ಮಣ್ಣನ್ನು ಗ್ರಂಥದ ಕ್ರಮದಲ್ಲಿಯೇ ಕಲಸಿ ಸಣ್ಣ ಪ್ರತಿಮೆಯೊಂದನ್ನು ಎರೆದು ನೋಡುವುದಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ. ತಾಳ್ಮೆ, ಎಚ್ಚರ ಮತ್ತು ಪ್ರತಿ ಎರಕದ ಸೋಲು-ಗೆಲುವುಗಳ ದಾಖಲೆ ಬೇಕು. ಅಂಥ ದಾಖಲೆಗಳು ಹಳೆಯ ಶ್ಲೋಕಗಳ ಅರ್ಥನಿರ್ಣಯಕ್ಕೆ ಪಾಠಾಂತರಗಳಷ್ಟೇ ಬೆಲೆಯುಳ್ಳ ಸಾಕ್ಷ್ಯವಾಗಬಲ್ಲವು. ನಾಗಮಂಗಲದಂಥ ಊರುಗಳ ಹಿರಿಯ ಕುಶಲಿಗಳ ಕೈಯಲ್ಲಿ ಇನ್ನೂ ಉಳಿದಿರುವ ಹದವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುವ ಕೆಲಸವೂ ಇದರ ಜೊತೆಜೊತೆಗೆ ನಡೆಯಬೇಕು. ಮೇಣದ ಎರಕದಿಂದ ನೊರೆಯ ಎರಕದವರೆಗಿನ ಕನ್ನಡದ ತಾಂತ್ರಿಕ ಚರಿತ್ರೆಯನ್ನು ಬರೆಯುವವರಿಗೆ ಅದುವೇ ಮೊದಲ ಆಕರವಾಗಲಿದೆ.