ಏತ: ನೀರೆತ್ತುವ ಸನ್ನೆಯ ಹೆಸರು

ಏತ

ಬಾವಿಯಿಂದಲೋ ಹೊಳೆಯಿಂದಲೋ ನೀರನ್ನು ಮೇಲೆತ್ತಿ ಹೊಲಕ್ಕೆ ಹಾಯಿಸುವ ಮರದ ಸಾಧನಕ್ಕೆ ಕನ್ನಡದಲ್ಲಿ ಏತ ಎಂಬ ಹೆಸರಿದ್ದು, ಆಡುಮಾತಿನಲ್ಲಿ ಅದು ಯಾತ ಎಂದೂ ಕೇಳಿಬರುತ್ತದೆ. ಹಳಗನ್ನಡದ ‘ಏಱು’, ಅಂದರೆ ಮೇಲಕ್ಕೆ ಹೋಗು ಎಂಬ ಧಾತುವಿನ ಬಳಗಕ್ಕೆ ಸೇರಿದ ಈ ಪದಕ್ಕೆ ತಮಿಳಿನ ‘ಏಟ್ರಂ’, ತೆಲುಗಿನ ‘ಏತಮು’ ಒಡಹುಟ್ಟುಗಳಾಗಿವೆ. ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ಬಳಕೆಯಾದ ‘ಪಿಕೋಟಾ’ ಮಾತ್ರ ಪೋರ್ಚುಗೀಸ್ ಮೂಲದ್ದು.

ಯಂತ್ರಶಾಸ್ತ್ರದ ದೃಷ್ಟಿಯಿಂದ ಏತವು ಮೊದಲ ವರ್ಗದ ಸನ್ನೆ, ಅಂದರೆ ಭಾರ ಮತ್ತು ಬಲಗಳ ನಡುವೆ ಆನಿಕೆಯ ಬಿಂದು ಇರುವ ಸರಳ ಯಂತ್ರ. ಕವಲುಗಂಬದ ಮೇಲೆ ಆಡುವ ತೊಲೆಯ ಉದ್ದನೆಯ ತುದಿಗೆ ಬಾನಿಯನ್ನೂ ಗಿಡ್ಡ ತುದಿಗೆ ಕಲ್ಲಿನ ಭಾರವನ್ನೂ ಕಟ್ಟಿದಾಗ, ಬರಿದಾದ ಬಾನಿಯನ್ನು ಕೆಳಗೆಳೆಯುವ ಆಳು ತನ್ನ ಮೈಭಾರವನ್ನೇ ಬಳಸಿ ಕಲ್ಲನ್ನು ಮೇಲೆತ್ತುತ್ತಾನೆ, ಆ ಕಲ್ಲು ಇಳಿಯುತ್ತಾ ತುಂಬಿದ ಬಾನಿಯನ್ನು ಎತ್ತಿಕೊಡುತ್ತದೆ. 20 ಲೀಟರ್ ನೀರನ್ನು 5 ಮೀಟರ್ ಎತ್ತಲು ಬೇಕಾದ ಸುಮಾರು 980 ಜೂಲ್ ಕೆಲಸ ಇದರಿಂದ ಕಡಿಮೆಯಾಗುವುದಿಲ್ಲ. ಮೇಲಕ್ಕೆ ಎಳೆಯಬೇಕಾದ ಶ್ರಮವು ಕೆಳಕ್ಕೆ ಎಳೆಯುವ ಹಗುರವಾದ ಶ್ರಮವಾಗಿ ಮಾರ್ಪಡುತ್ತದೆ, ಮತ್ತು ಈ ಸಾಧನದ ನಿಜವಾದ ಜಾಣ್ಮೆ ಅಲ್ಲಿಯೇ ಇದೆ.

ಎತ್ತುಗಳು ಹಗ್ಗವನ್ನು ರಾಟೆಯ ಮೇಲೆ ಎಳೆಯುವ ಕಪಿಲೆಯನ್ನೂ ಏತವೆಂದು ಕರೆಯುವುದು ತಪ್ಪು, ಏಕೆಂದರೆ ಅದರಲ್ಲಿ ಸನ್ನೆಯೇ ಇಲ್ಲ. ಆದರೆ ತುಂಗಭದ್ರೆಯ ಸಿಂಗಟಾಲೂರು ಏತ ನೀರಾವರಿಯಂತಹ ಯೋಜನೆಗಳಲ್ಲಿ ವಿದ್ಯುತ್ ಪಂಪುಗಳು ನೀರೆತ್ತಿದರೂ ಹೆಸರು ಸಲ್ಲುತ್ತದೆ, ಏಕೆಂದರೆ ಅಲ್ಲಿ ಪದವು ತೊಲೆಯನ್ನು ಬಿಟ್ಟು ಏರಿಸುವುದೆಂಬ ಧಾತ್ವರ್ಥವನ್ನೇ ಹಿಡಿದಿದೆ.