ದೈನಂದಿನ ಜೀವನದಲ್ಲಿ ಮಾನಸಿಕ ಆರೋಗ್ಯ

ಮಾನಸಿಕ ಆರೋಗ್ಯ ಎಂದರೆ ಮನೋರೋಗ ಇಲ್ಲದಿರುವ ಸ್ಥಿತಿ ಮಾತ್ರವಲ್ಲ. ಬದುಕಿನ ಸಹಜ ಒತ್ತಡಗಳನ್ನು ನಿಭಾಯಿಸುತ್ತ, ತನ್ನ ಸಾಮರ್ಥ್ಯವನ್ನು ಅರಿತು ದುಡಿಯುತ್ತ, ಸಮಾಜಕ್ಕೆ ತನ್ನ ಪಾಲನ್ನು ಸಲ್ಲಿಸಬಲ್ಲ ನೆಮ್ಮದಿಯ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಮಾನಸಿಕ ಆರೋಗ್ಯವೆಂದು ವಿವರಿಸುತ್ತದೆ. ಪ್ರತಿ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನವನ್ನು ಆಚರಿಸಲಾಗುತ್ತದೆ.

ದಿನಚರಿಯಲ್ಲಿ ಪಾಲನೆ

ದೇಹ ಮತ್ತು ಮನಸ್ಸುಗಳು ಪರಸ್ಪರ ಅವಲಂಬಿತವಾಗಿವೆ. ನಿದ್ರೆ ಕೆಟ್ಟಾಗ ಸಿಡುಕು ಹೆಚ್ಚುತ್ತದೆ. ಚಿಂತೆ ಹೆಚ್ಚಿದಾಗ ನಿದ್ರೆ ಕೆಡುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅಗತ್ಯ. ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸು ನಡಿಗೆಯಂತಹ ವ್ಯಾಯಾಮವು ಆತಂಕ ಹಾಗೂ ಖಿನ್ನತೆಯ ಲಕ್ಷಣಗಳನ್ನು ತಗ್ಗಿಸಲು ನೆರವಾಗುತ್ತದೆ. ಹೊತ್ತಿಗೆ ಸರಿಯಾದ ಊಟ, ಆಪ್ತರೊಡನೆ ಮಾತುಕತೆ, ಇಷ್ಟವಾದ ಹವ್ಯಾಸ, ಮಲಗುವ ಮುನ್ನ ಮೊಬೈಲ್ ಬಳಕೆಗೆ ಮಿತಿ ಇವೂ ಉಪಯುಕ್ತ. ಮದ್ಯಪಾನವು ದುಃಖವನ್ನು ಮರೆಸಿದಂತೆ ತೋರಿದರೂ ನಿದ್ರೆಯನ್ನು ಕೆಡಿಸಿ ಖಿನ್ನತೆಯನ್ನು ಹೆಚ್ಚಿಸುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಆಪ್ತರ ಅಗಲಿಕೆ, ಪರೀಕ್ಷೆಯ ಸೋಲು, ಸಾಲದ ಹೊರೆ ಮೊದಲಾದವುಗಳಿಂದ ದುಃಖವಾಗುವುದು ಸಹಜ. ಆದರೆ ಬೇಸರ ಅಥವಾ ನಿರಾಸಕ್ತಿಯು ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಮುಂದುವರಿದು, ಹಸಿವು, ನಿದ್ರೆ, ಏಕಾಗ್ರತೆ ಕುಂದಿ ನಿತ್ಯದ ಕೆಲಸಗಳಿಗೆ ಅಡ್ಡಿಯಾದರೆ ಅದು ಖಿನ್ನತೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ಸಾಯುವ ಮಾತನ್ನು ಯಾರಾದರೂ ಆಡಿದಾಗ ಅದನ್ನು ಹಗುರವಾಗಿ ಪರಿಗಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ನೆರವು ಒದಗಿಸಬೇಕು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಅನುಕಂಪದಿಂದ ನೇರವಾಗಿ ಕೇಳುವುದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಅವಕಾಶವಾಗುತ್ತದೆ.

ಚಿಕಿತ್ಸೆಗಿರುವ ಅಡ್ಡಿಗಳು

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿದ್ದವು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. "ಜನ ಏನೆಂದಾರು" ಎಂಬ ಅಳುಕು, ಗಾಳಿ ಸೋಂಕು ಅಥವಾ ಮಾಟವೆಂಬ ನಂಬಿಕೆ, "ಧೈರ್ಯ ತಂದುಕೊಂಡರೆ ಸರಿಹೋಗುತ್ತದೆ" ಎಂಬ ಉಪದೇಶ ಇವು ಚಿಕಿತ್ಸೆಯನ್ನು ವಿಳಂಬಗೊಳಿಸುತ್ತವೆ. ಖಿನ್ನತೆಯು ಮನೋಬಲದ ಕೊರತೆಯಲ್ಲ. ಆಪ್ತಸಮಾಲೋಚನೆ ಹಾಗೂ ಔಷಧಗಳಿಂದ ಗುಣಪಡಿಸಬಹುದಾದ ಕಾಯಿಲೆ.

ಕನ್ನಡದಲ್ಲಿ ಮನೋವೈದ್ಯಕೀಯ ಬರಹ

ಈ ಅಳುಕನ್ನು ಹೋಗಲಾಡಿಸುವಲ್ಲಿ ಕನ್ನಡದ ವೈದ್ಯ ಲೇಖಕರ ಪಾತ್ರ ಗಣನೀಯ. 'ರಾಶಿ' ಎಂದು ಹೆಸರಾದ, 'ಕೊರವಂಜಿ' ಹಾಸ್ಯ ಪತ್ರಿಕೆಯ ಸ್ಥಾಪಕ ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಸರಳಗನ್ನಡದಲ್ಲಿ ಅನೇಕ ಪುಸ್ತಕಗಳನ್ನು ರಚಿಸಿದ್ದಾರೆ.

ಕಾನೂನು ಮತ್ತು ನೆರವು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಸಾರಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ಒದಗಿಸಬೇಕೆಂಬುದು ಇದರ ಆಶಯ.

ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯಕೀಯ ಸೇವೆ ಲಭ್ಯವಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ-ಮಾನಸ್' ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.